ಒಂದು ಬಿರುದು, ಹಲವು ವೀರರು

ಬಾದಾಮಿಯ ಅಗಸ್ತ್ಯತೀರ್ಥಕ್ಕೆ ಉತ್ತರದಲ್ಲಿ ಎದ್ದು ನಿಂತಿರುವ ಕೆಂಗಲ್ಲಿನ ಬೆಟ್ಟದಲ್ಲಿ, ದಾರಿಹೋಕರ ಕಣ್ಣಿಗೆ ಸುಲಭವಾಗಿ ಬೀಳದ ಒಂದು ಬಂಡೆಯ ಮೇಲೆ, ಶಕವರ್ಷ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ಕೊರೆಯಿಸಿದ ಸಣ್ಣದೊಂದು ಸಂಸ್ಕೃತ ಶಾಸನವಿದೆ. ಕರ್ಣಾಟಕದ ಮೊದಲ ಮಹಾಸಾಮ್ರಾಜ್ಯದ ಜಾತಕವೆಂದು ಕರೆಯತಕ್ಕ ಈ ಶಾಸನವು, ಅಶ್ವಮೇಧವನ್ನೂ ಇತರ ಶ್ರೌತಯಾಗಗಳನ್ನೂ ನೆರವೇರಿಸಿದ ಚಾಲುಕ್ಯನೊಬ್ಬನು ವಾತಾಪಿಯ ಗಿರಿಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಶತ್ರುಗಳಿಗೆ ಅಭೇದ್ಯವಾಗುವಂತೆ ದುರ್ಗವನ್ನಾಗಿ ಮಾಡಿದನೆಂದು ತಿಳಿಸುತ್ತದೆಯಾದರೂ, ಅಂತಹ ಕಾರ್ಯವನ್ನು ಮಾಡಿದ ಪುರುಷನ ಸ್ವಂತ ಹೆಸರನ್ನು ಮಾತ್ರ ಹೇಳುವುದಿಲ್ಲ. ವಲ್ಲಭೇಶ್ವರನೆಂಬ ಬಿರುದೊಂದೇ ಅಲ್ಲಿ ಕಾಣುವುದು. ತಂದೆತಾಯಿಗಳು ಇಟ್ಟ ಹೆಸರು ಹಿಂದೆ ನಿಂತು, ಅರಸುತನವು ತೊಡಿಸಿದ ಹೆಸರು ಮುಂದೆ ಬಂದಿತು. ಹೀಗೆ ಮುಂದೆ ಬಂದ ಆ ಹೆಸರು ಒಬ್ಬನಿಂದ ಇನ್ನೊಬ್ಬನಿಗೆ, ಒಂದು ವಂಶದಿಂದ ಇನ್ನೊಂದು ವಂಶಕ್ಕೆ ದಾಟುತ್ತ ಆರುನೂರು ವರ್ಷಗಳಿಗೂ ಮೀರಿ ಬಾಳಿತು.

ಆ ವಲ್ಲಭೇಶ್ವರನು ಮೊದಲನೆಯ ಪುಲಕೇಶಿಯೇ ಎಂದು ನಾವು ಇಂದು ಹೇಳುತ್ತಿರುವುದು ಅವನ ಸಂತತಿಯವರ ಸಾಕ್ಷ್ಯದ ಬಲದಿಂದ. ಮಗನಾದ ಮಂಗಲೇಶನು ಬಾದಾಮಿಗೆ ಅನತಿದೂರದಲ್ಲಿರುವ ಮಹಾಕೂಟದಲ್ಲಿ ನಿಲ್ಲಿಸಿದ ಸ್ತಂಭದ ಬರಹವೂ, ಮೊಮ್ಮಗನ ಕಾಲದಲ್ಲಿ ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿಯು ರಚಿಸಿ ಕೊರೆಯಿಸಿದ ಪ್ರಶಸ್ತಿಯೂ ಅಶ್ವಮೇಧವನ್ನು ಮಾಡಿದವನು ಪುಲಕೇಶಿಯೆಂದು ಸ್ಪಷ್ಟವಾಗಿ ಹೇಳಿರುವುದರಿಂದ, ಬಂಡೆಯ ಮೇಲಿನ ಬಿರುದಿಗೆ ಒಬ್ಬ ವ್ಯಕ್ತಿಯು ದೊರೆತಂತಾಯಿತು. ಇಂತಹ ಪರಿಶೋಧನೆಯು ಈ ವಂಶದ ಚರಿತ್ರೆಯಲ್ಲಿ ಹೆಜ್ಜೆಹೆಜ್ಜೆಗೂ ಬೇಕಾಗುತ್ತದೆ. ಪುಲಕೇಶಿಗಳು ಇಬ್ಬರು, ಕೀರ್ತಿವರ್ಮರು ಇಬ್ಬರು, ವಿಕ್ರಮಾದಿತ್ಯರು ಬಾದಾಮಿಯಲ್ಲಿ ಇಬ್ಬರು, ಕಲ್ಯಾಣದ ಶಾಖೆಯನ್ನು ಕೂಡಿಸಿಕೊಂಡರೆ ಆರು ಮಂದಿ, ಸತ್ಯಾಶ್ರಯ, ಶ್ರೀಪೃಥ್ವೀವಲ್ಲಭ ಎಂಬಿವಂತೂ ಬಹುಮಟ್ಟಿಗೆ ಎಲ್ಲರಿಗೂ ಸಂದವು. ಒಂದನೆಯ, ಎರಡನೆಯ ಎಂಬ ಸಂಖ್ಯೆಗಳು ಆ ಅರಸರು ತಾವಾಗಿ ಧರಿಸಿದವಲ್ಲ. ಫ್ಲೀಟ್, ಭಂಡಾರಕರರೇ ಮೊದಲಾದ ವಿದ್ವಾಂಸರು ತಾಮ್ರಪಟಗಳ ವಂಶಾವಳಿಗಳನ್ನು ಒಂದಕ್ಕೊಂದು ಹೊಂದಿಸಿ ನೋಡಿ, ಓದುವವರ ಅನುಕೂಲಕ್ಕಾಗಿ ಕೂಡಿಸಿದವು. ಬದುಕಿದ್ದಾಗ ಪ್ರತಿಯೊಬ್ಬನೂ ಸಂಖ್ಯೆಯಿಲ್ಲದ ವಿಕ್ರಮಾದಿತ್ಯನೇ, ಸಂಖ್ಯೆಯಿಲ್ಲದ ಸತ್ಯಾಶ್ರಯನೇ ಆಗಿದ್ದನು.

ಒಂದೇ ವೀರನಾಮವನ್ನು ಹಲವರು ಹೊರುವ ಈ ಪದ್ಧತಿಯನ್ನು ನಮ್ಮ ಮಕ್ಕಳು ಇಂದು ಚಿತ್ರಕಥೆಗಳ ಪುಟಗಳಲ್ಲಿ ಕಾಣುತ್ತಾರೆ. ಅಮೆರಿಕದ ಲೀ ಫಾಕ್ ಎಂಬ ಲೇಖಕನು 1936ರ ಫೆಬ್ರವರಿಯಲ್ಲಿ ಪತ್ರಿಕೆಗಳಲ್ಲಿ ಆರಂಭಿಸಿದ ಫ್ಯಾಂಟಮ್ ಕಥೆಯಲ್ಲಿ, ಹದಿನಾರನೆಯ ಶತಮಾನದಲ್ಲಿ ಕಡಲುಗಳ್ಳರಿಂದ ತಂದೆಯನ್ನು ಕಳೆದುಕೊಂಡ ತರುಣನೊಬ್ಬನು ದುಷ್ಟಶಿಕ್ಷಣದ ಪ್ರತಿಜ್ಞೆಯನ್ನು ಕೈಕೊಳ್ಳುತ್ತಾನೆ. ಅವನು ಮಡಿದ ಮೇಲೆ ಮಗನು ಅದೇ ಉಡುಪನ್ನೂ ಮುಖವಾಡವನ್ನೂ ಉಂಗುರವನ್ನೂ ಧರಿಸುತ್ತಾನೆ. ಹೀಗೆ ಇಪ್ಪತ್ತೊಂದು ತಲೆಗಳು ಕಳೆದರೂ, ಕಾಡಿನ ಜನರು ಸಾವಿಲ್ಲದ ಒಬ್ಬನೇ ಪುರುಷನು ನಾನೂರು ವರ್ಷಗಳಿಂದ ತಮ್ಮನ್ನು ಕಾಯುತ್ತಿರುವನೆಂದು ನಂಬುತ್ತಾರೆ. ಫ್ಲ್ಯಾಶ್ ಎಂಬ ವೇಗಶಾಲಿಯ ಕಥೆಯ ಹಾದಿ ಬೇರೆ. 1940ರಲ್ಲಿ ಆ ಹೆಸರನ್ನು ಧರಿಸಿದವನು ಜೇ ಗ್ಯಾರಿಕ್ ಎಂಬವನು. ಮಹಾಯುದ್ಧವು ಮುಗಿದ ತರುವಾಯ ಇಂತಹ ವೀರಕಥೆಗಳಿಗೆ ಓದುಗರು ಕಡಿಮೆಯಾಗಿ ಅವನ ಪತ್ರಿಕೆಯು 1949ರಲ್ಲಿ ನಿಂತುಹೋಯಿತು. 1956ರಲ್ಲಿ ಪ್ರಕಾಶಕರು ಅದೇ ಹೆಸರನ್ನು ಬ್ಯಾರಿ ಆಲನ್ ಎಂಬ ಹೊಸಬನಿಗೆ ಕೊಟ್ಟು ಕಥೆಯನ್ನು ಮತ್ತೆ ನಡೆಸಿದರು. ಹೊಸಬನು ತಾನು ಬಾಲ್ಯದಲ್ಲಿ ಓದಿದ ಹಳೆಯ ವೀರನ ಮೇಲಿನ ಅಭಿಮಾನದಿಂದ ಆ ಹೆಸರನ್ನು ಆರಿಸಿಕೊಂಡನೆಂದು ಕಥೆಗಾರರು ಹೇಳಿದರು. 1961ರಲ್ಲಿ ಇಬ್ಬರನ್ನೂ ಒಂದೇ ಕಥೆಯಲ್ಲಿ ಎದುರುಬದುರಾಗಿ ನಿಲ್ಲಿಸಿದರು. ಕ್ಯಾಪ್ಟನ್ ಮಾರ್ವೆಲ್ ಎಂಬ ಹೆಸರಿನ ಗತಿಯು ಇನ್ನೂ ವಿಚಿತ್ರವಾದುದು. ಮೊದಲ ಪ್ರಕಾಶಕರು ನ್ಯಾಯಾಲಯದ ವ್ಯಾಜ್ಯದಲ್ಲಿ ಬಳಲಿ 1953ರಲ್ಲಿ ಆ ಕಥೆಯನ್ನು ನಿಲ್ಲಿಸಿದರು. ಹೆಸರು ತೆರವಾಗಿ ಬಿದ್ದಿರುವುದನ್ನು ಕಂಡು 1967ರಲ್ಲಿ ಮಾರ್ವೆಲ್ ಸಂಸ್ಥೆಯವರು ಅದನ್ನು ತಮ್ಮ ಬೇರೊಬ್ಬ ವೀರನಿಗೆ ತೊಡಿಸಿದರು. ಅನಂತರ ಮೂಲದ ವೀರನು ಮರಳಿ ಬಂದಾಗ, ಅವನದೇ ಹೆಸರನ್ನು ಅವನ ಪುಸ್ತಕದ ಹೊದಿಕೆಯ ಮೇಲೆ ಶೀರ್ಷಿಕೆಯಾಗಿ ಅಚ್ಚು ಹಾಕುವ ಅಧಿಕಾರವು ಉಳಿದಿರಲಿಲ್ಲ.

ತಲೆಮಾರಿನಿಂದ ತಲೆಮಾರಿಗೆ ಸಂದ ಹೆಸರು, ಕಡಿದುಹೋದ ಸೂತ್ರವನ್ನು ಗಂಟುಹಾಕಲು ಮತ್ತೆ ಎತ್ತಿಕೊಂಡ ಹೆಸರು, ತೆರವಾದುದನ್ನು ಕಂಡು ಅನ್ಯರು ವಶಪಡಿಸಿಕೊಂಡ ಹೆಸರು: ಈ ಮೂರು ಬಗೆಗಳೂ ಮಲಪ್ರಭೆಯ ದಂಡೆಯ ಮೇಲೆ, ಚಿತ್ರಕಥೆಗಳು ಹುಟ್ಟುವುದಕ್ಕೆ ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ, ನಿಜವಾದ ರಾಜರ ಬದುಕಿನಲ್ಲಿ ನಡೆದುಹೋಗಿವೆ. ಅಲ್ಲಿ ಪಣವಾಗಿದ್ದುದು ಪುಸ್ತಕದ ಮಾರಾಟವಲ್ಲ, ರಾಜ್ಯ. ನನ್ನ ಗ್ರಹಿಕೆಯಲ್ಲಿ ಈ ಚರಿತ್ರೆಯ ಮರ್ಮವು ಇಷ್ಟು: ಉತ್ತರಾಧಿಕಾರವು ನಿರ್ವಿವಾದವಾಗಿದ್ದ ಕಾಲಕ್ಕಿಂತ, ಅದು ಕದಡಿಹೋದ ಕಾಲದಲ್ಲಿಯೇ ಹಿರಿಯರ ಹೆಸರು ಹೆಚ್ಚು ಗಟ್ಟಿಯಾಗಿ ಕೇಳಿಬರುತ್ತದೆ.

ಎರಡನೆಯ ಪುಲಕೇಶಿಯನ್ನೇ ತೆಗೆದುಕೊಳ್ಳೋಣ. ಅವನ ಮೊದಲ ಹೆಸರು ಎರೆಯನೆಂದು ಪೆದ್ದವಡಗೂರಿನ ಶಾಸನದ ಆಧಾರದಿಂದ ವಿದ್ವಾಂಸರು ಊಹಿಸಿದ್ದಾರೆ. ತಂದೆ ಕೀರ್ತಿವರ್ಮನು ತೀರಿಕೊಂಡಾಗ ಅವನು ಬಾಲಕನಾಗಿದ್ದುದರಿಂದ ಚಿಕ್ಕಪ್ಪನಾದ ಮಂಗಲೇಶನು ರಾಜ್ಯವನ್ನು ವಹಿಸಿಕೊಂಡನು. ಈ ಮಂಗಲೇಶನು ಸಾಮಾನ್ಯನಲ್ಲ. ಅಣ್ಣನು ಆಳುತ್ತಿದ್ದ ಕಾಲದಲ್ಲಿ, ಶಕವರ್ಷ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ಬಾದಾಮಿಯ ಮೂರನೆಯ ಗುಹೆಯನ್ನು ವಿಷ್ಣುವಿಗೆ ಅರ್ಪಿಸಿ ಅದರ ಪುಣ್ಯವನ್ನೆಲ್ಲ ಅಣ್ಣನಿಗೆ ಧಾರೆಯೆರೆದವನು. ಅಂತಹ ತಮ್ಮನೂ ಕೊನೆಗೆ ಸಿಂಹಾಸನವನ್ನು ಅಣ್ಣನ ಮಗನಿಗೆ ಬಿಡದೆ ತನ್ನ ಮಗನಿಗೆ ಕೊಡಲು ಎಣಿಸಿದನೆಂದು ರವಿಕೀರ್ತಿಯ ಪ್ರಶಸ್ತಿಯು ಹೇಳುತ್ತದೆ. ತರುಣನು ದೇಶಾಂತರ ಹೋಗಿ, ಬಲವನ್ನು ಕೂಡಿಸಿಕೊಂಡು ಮರಳಿ, ಕಾದಿ ಗೆದ್ದನು. ಮಂಗಲೇಶನು ರಾಜ್ಯವನ್ನೂ ಪ್ರಾಣವನ್ನೂ ಒಟ್ಟಿಗೆ ನೀಗಿದನು. ಕ್ರಿ.ಶ. 610ರ ಸುಮಾರಿಗೆ ಪಟ್ಟವೇರಿದ ಈ ಅರಸನು ತನ್ನದೇ ಕುಲದ ಹಿರಿಯನೊಬ್ಬನ ರಕ್ತದ ಮೇಲೆ ನಡೆದುಬಂದವನಾದುದರಿಂದ, ತಾನು ಯಾರ ವಾರಸುದಾರನೆಂಬುದನ್ನು ಲೋಕಕ್ಕೆ ಸಂದೇಹವಿಲ್ಲದಂತೆ ತೋರಿಸಬೇಕಾಗಿದ್ದಿತು. ತೊಟ್ಟುಕೊಂಡ ಹೆಸರು, ವಾತಾಪಿಯನ್ನು ದುರ್ಗವನ್ನಾಗಿ ಮಾಡಿದ ಅಜ್ಜನದು. ಸತ್ಯಾಶ್ರಯನೆಂಬ ಬಿರುದೂ ಅಜ್ಜನಿಗೆ ಸಂದದ್ದೇ. ಆದರೆ ಮೊಮ್ಮಗನು ಅದನ್ನು ಎಷ್ಟು ತನ್ನದನ್ನಾಗಿ ಮಾಡಿಕೊಂಡನೆಂದರೆ, ಶಕವರ್ಷ 556ರ ಐಹೊಳೆಯ ಪ್ರಶಸ್ತಿಯಲ್ಲಿ ಕವಿಯು ತನ್ನ ಪೋಷಕನನ್ನು ಸ್ಮರಿಸುವುದು ಆ ಬಿರುದಿನಿಂದಲೇ, ಮುಂದಿನ ಶತಮಾನಗಳ ಅರಸರು ತಮ್ಮ ಕುಲವನ್ನೇ ಕರೆದುಕೊಂಡದ್ದೂ ಆ ಬಿರುದಿನಿಂದಲೇ.

ಬಿರುದುಗಳು ವಂಶದೊಳಗೆ ಮಾತ್ರ ಹರಿಯುತ್ತಿದ್ದವೆಂದು ತಿಳಿಯಬಾರದು. ಆನೆ ಕುದುರೆಗಳಂತೆಯೇ ಅವೂ ರಣರಂಗದಲ್ಲಿ ಕೈಬದಲಾಗುತ್ತಿದ್ದವು. ಪುಲಕೇಶಿಯು ಕನೌಜಿನ ಹರ್ಷವರ್ಧನನನ್ನು ಸೋಲಿಸಿ ಪರಮೇಶ್ವರನೆಂಬ ಬಿರುದನ್ನು ಪಡೆದನೆಂದು ಅವನ ಅನಂತರದವರ ತಾಮ್ರಪಟಗಳು ಹೇಳುತ್ತವೆ. ಕ್ರಿ.ಶ. 642ರಲ್ಲಿ ಭಾಗ್ಯಚಕ್ರವು ತಿರುಗಿತು. ಕಂಚಿಯ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದನು; ಪುಲಕೇಶಿಯ ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಮಹಾಮಲ್ಲನೆಂದು ಮೊದಲೇ ಕರೆಯಿಸಿಕೊಂಡಿದ್ದ ನರಸಿಂಹವರ್ಮನು ವಾತಾಪಿಕೊಂಡನೆಂಬ ಬಿರುದನ್ನು ತಳೆದು, ಬಾದಾಮಿಯ ಬಂಡೆಯ ಮೇಲೆಯೇ ತನ್ನ ಶಾಸನವನ್ನು ಕೊರೆಯಿಸಿದನು. ವಲ್ಲಭೇಶ್ವರನು ಅಭೇದ್ಯವೆಂದು ಕೊರೆಯಿಸಿದ ಬೆಟ್ಟದ ನೆರೆಯಲ್ಲಿಯೇ ಅದನ್ನು ಭೇದಿಸಿದವನ ಬರಹವೂ ನಿಂತಿತು. ಸುಮಾರು 13 ವರ್ಷಗಳ ಕಾಲ ಚಾಲುಕ್ಯರ ರಾಜಲಕ್ಷ್ಮಿಯು ಮರೆಯಾದಳು.

ಈ ಕತ್ತಲೆಯಿಂದ ಎದ್ದು ಬಂದವನೇ ಪುಲಕೇಶಿಯ ಮಗನಾದ ಮೊದಲನೆಯ ವಿಕ್ರಮಾದಿತ್ಯನು. ಅವನಿಗೆ ಅಣ್ಣಂದಿರಿದ್ದರು, ಅವರಲ್ಲಿ ಚಂದ್ರಾದಿತ್ಯನ ರಾಣಿಯಾದ ವಿಜಯಭಟ್ಟಾರಿಕೆಯು ತನ್ನ ಹೆಸರಿನಲ್ಲಿಯೇ ದಾನಶಾಸನಗಳನ್ನು ಹೊರಡಿಸಿದಳು. ಆದರೆ ಹೋದ ರಾಜ್ಯವನ್ನು ಮರಳಿ ತಂದವನು ಈ ಕಿರಿಯನು. ಮೂವರು ಅರಸರ ನಡುವೆ ಸಿಕ್ಕಿ ಮರೆಯಾಗಿದ್ದ ತಂದೆಯ ಐಶ್ವರ್ಯವನ್ನು ಅವನು ಚಿತ್ರಕಂಠವೆಂಬ ಒಂದೇ ಕುದುರೆಯ ಬೆನ್ನೇರಿ, ಖಡ್ಗವನ್ನೇ ಸಹಾಯವಾಗಿ ಹಿಡಿದು ಗೆದ್ದು ತಂದನೆಂದು ತಾಮ್ರಪಟಗಳು ವರ್ಣಿಸುತ್ತವೆ. ರಾಜ್ಯವನ್ನು ಒಬ್ಬನೇ ಗೆಲ್ಲುವುದು ಲೋಕದಲ್ಲಿ ಸಂಭವಿಸತಕ್ಕ ಮಾತಲ್ಲ. ಆದರೆ ಆ ಅರಸನು ಜನರ ಕಣ್ಣಿಗೆ ಹೇಗೆ ಕಾಣಬಯಸಿದನು ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ಸಾಕ್ಷಿಯಿಲ್ಲ. ಕುದುರೆಯ ಹೆಸರೂ ರಾಜಶಾಸನದಲ್ಲಿ ಅಮರವಾಗುವುದು ವೀರಕಥೆಯ ಲಕ್ಷಣವೇ ಸರಿ. ಫಾಕ್‌ನ ಫ್ಯಾಂಟಮ್‌ನಿಗೂ ಹೆಸರುಳ್ಳ ಕುದುರೆಯೊಂದಿದೆ. ಕ್ರಿ.ಶ. 655ರ ವೇಳೆಗೆ ಪಟ್ಟಕ್ಕೆ ಬಂದ ವಿಕ್ರಮಾದಿತ್ಯನು ತಂದೆಯ ಸತ್ಯಾಶ್ರಯ, ಶ್ರೀಪೃಥ್ವೀವಲ್ಲಭ, ಪರಮೇಶ್ವರ ಎಂಬ ಬಿರುದುಗಳೆಲ್ಲವನ್ನೂ ಮತ್ತೆ ಧರಿಸಿದನು. ರಣರಸಿಕ, ಅನಿವಾರಿತ ಎಂಬ ಹೊಸವನ್ನು ತಾನು ಸೇರಿಸಿದನು. ಬಳಿಕ ದಂಡೆತ್ತಿ ಹೋಗಿ ಕಂಚಿಯನ್ನು ಹಿಡಿದು, ಕ್ರಿ.ಶ. 674ರಲ್ಲಿ ಕಾವೇರಿಯ ದಂಡೆಯ ಉರೈಯೂರಿನಲ್ಲಿ ಬೀಡುಬಿಟ್ಟು, ಮಹಾಮಲ್ಲನ ಕುಲವನ್ನು ಮುರಿದೆನೆಂಬ ಹೆಮ್ಮೆಯಿಂದ ರಾಜಮಲ್ಲನೆಂಬ ಬಿರುದನ್ನು ಪಡೆದನು. ತಂದೆಯ ಬಿರುದನ್ನು ಉಳಿಸಿಕೊಂಡದ್ದಲ್ಲದೆ ಶತ್ರುವಿನ ಬಿರುದಿನ ಅರ್ಧವನ್ನೂ ಕಿತ್ತು ತಂದಂತಾಯಿತು.

ವಿಕ್ರಮಾದಿತ್ಯನೆಂಬ ಹೆಸರಾದರೂ ಚಾಲುಕ್ಯರ ಸ್ವಂತ ಆಸ್ತಿಯಲ್ಲ. ಉಜ್ಜಯಿನಿಯ ಪೌರಾಣಿಕ ವಿಕ್ರಮನ ಕೀರ್ತಿಯಿಂದ ತುಂಬಿದ ಆ ಹೆಸರನ್ನು ಗುಪ್ತ ಚಕ್ರವರ್ತಿಯಾದ ಎರಡನೆಯ ಚಂದ್ರಗುಪ್ತನು ಮುನ್ನವೇ ಧರಿಸಿದ್ದನು. ಬಹುಕಾಲದ ಮೇಲೆ, 1556ರಲ್ಲಿ, ದಿಲ್ಲಿಯನ್ನು ಹಿಡಿದ ಹೇಮುವೂ ಅದನ್ನೇ ಧರಿಸಿದನು. ಬೇತಾಳನ ಕಥೆಗಳನ್ನು ಕೇಳುತ್ತ ಬೆಳೆದ ನಮ್ಮ ಮನೆಗಳ ಮಕ್ಕಳಿಗೆ ವಿಕ್ರಮಾದಿತ್ಯನು ಒಬ್ಬನೇ. ಅರಸರಿಗೆ ಬೇಕಾಗಿದ್ದುದೂ ಅದೇ.

ಮೊದಲನೆಯ ವಿಕ್ರಮಾದಿತ್ಯನ ಮರಿಮಗನು ಎರಡನೆಯ ವಿಕ್ರಮಾದಿತ್ಯನು. ಅವನು ಹೆಸರನ್ನು ಮಾತ್ರವಲ್ಲದೆ ಮುತ್ತಜ್ಜನ ವೈರವನ್ನೂ ಹೊತ್ತನು. ಕಂಚಿಯನ್ನು ಅವನು ಮೂರು ಸಲ ಗೆದ್ದನೆಂದು ಪಟ್ಟದಕಲ್ಲಿನ ಶಾಸನಗಳು ಸಾರುತ್ತವೆ. ಅವನ ಮಗ ಎರಡನೆಯ ಕೀರ್ತಿವರ್ಮನ ವಕ್ಕಲೇರಿಯ ತಾಮ್ರಪಟಗಳು, ಪಲ್ಲವರಿಂದ ಕಿತ್ತುತಂದ ಕಟುಮುಖವಾದಿತ್ರ, ಸಮುದ್ರಘೋಷ ಎಂಬ ವಾದ್ಯಗಳನ್ನೂ ಖಟ್ವಾಂಗಧ್ವಜವನ್ನೂ ಹೆಸರಿಸುತ್ತವೆ. ಆದರೂ ಆ ವಿಜಯದಲ್ಲಿ ನನಗೆ ಅತ್ಯಂತ ಗೌರವಾರ್ಹವಾಗಿ ತೋರುವುದು ಬೇರೆ. ಕಂಚಿಯ ಕೈಲಾಸನಾಥ ದೇವಾಲಯದ ಕಂಬದ ಮೇಲೆ ಅವನು ಬಿಟ್ಟುಬಂದ ಕನ್ನಡ ಶಾಸನವು, ದೇವಾಲಯದ ಐಶ್ವರ್ಯವನ್ನು ಕಂಡ ಅರಸನು ಅದನ್ನು ಕೊಳ್ಳೆ ಹೊಡೆಯದೆ ದೇವರಿಗೇ ಮರಳಿ ಒಪ್ಪಿಸಿದನೆಂದು ದಾಖಲಿಸುತ್ತದೆ. ಒಂದು ಶತಮಾನದ ಹಿಂದೆ ವಾತಾಪಿಯು ಕಂಡ ದುರ್ಗತಿಗೆ ಮರಿಮಗನು ಕೊಟ್ಟ ಉತ್ತರವದು. ಮುತ್ತಜ್ಜನ ಹೆಸರನ್ನು ಹೊತ್ತವನು ಮುತ್ತಜ್ಜನಿಗಿಂತ ಎತ್ತರಕ್ಕೆ ಬೆಳೆದ ಸಂದರ್ಭವೆಂದು ಇದನ್ನು ಹೇಳಿದರೆ ತಪ್ಪಾಗಲಾರದು.

ಆ ವಿಜಯದ ಸ್ಮಾರಕವಾಗಿ ಪಟ್ಟಮಹಿಷಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಎತ್ತಿಸಿದ ಲೋಕೇಶ್ವರ ದೇವಾಲಯವನ್ನು ನಾವೀಗ ವಿರೂಪಾಕ್ಷನ ಗುಡಿಯೆಂದು ಕರೆಯುತ್ತೇವೆ. ಅದನ್ನು ಕಟ್ಟಿದ ಗುಂಡನೆಂಬ ಸೂತ್ರಧಾರಿಯ ಬಿರುದು ಅನಿವಾರಿತಾಚಾರಿ. ಮೊದಲನೆಯ ವಿಕ್ರಮಾದಿತ್ಯನು ರಣದಲ್ಲಿ ಗಳಿಸಿದ ಅನಿವಾರಿತ ಎಂಬ ಮಾತು, ಮೂರು ತಲೆಗಳ ತರುವಾಯ ಕಲ್ಲುಕುಟಿಗನೊಬ್ಬನ ಹೆಸರಿನಲ್ಲಿ ಬೆಳಗುತ್ತಿರುವುದನ್ನು ಅಲ್ಲಿ ಕಾಣಬಹುದು. ಕಂಚಿಯ ಕನ್ನಡ ಶಾಸನಕ್ಕೆ ಸಂಬಂಧಪಟ್ಟ ಸಂಧಿವಿಗ್ರಹಿಯ ಹೆಸರೂ ಅನಿವಾರಿತ ಪುಣ್ಯವಲ್ಲಭ. ಅರಸನ ಬಿರುದು ಅರಮನೆಯಲ್ಲಿಯೇ ಉಳಿಯದೆ ಮಂತ್ರಿಗೂ ಶಿಲ್ಪಿಗೂ ಇಳಿದು ಬಂದುದರಿಂದಲೇ, ರಾಜ್ಯವು ಅಳಿದರೂ ಅದು ಅಳಿಯಲಿಲ್ಲವೆಂದು ನನಗೆ ತೋರುತ್ತದೆ.

ರಾಜ್ಯವಾದರೂ ಬೇಗನೆ ಅಳಿಯಿತು. ಚಾಲುಕ್ಯರ ಅಧೀನದಲ್ಲಿದ್ದ ರಾಷ್ಟ್ರಕೂಟ ಕುಲದ ದಂತಿದುರ್ಗನು ಎರಡನೆಯ ಕೀರ್ತಿವರ್ಮನನ್ನು ಸೋಲಿಸಿ, ಶಕವರ್ಷ 675ರ ಸಾಮಾನಗಡದ ತಾಮ್ರಪಟಗಳಲ್ಲಿ ಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ ಎಂದು ತನ್ನನ್ನು ಕರೆದುಕೊಂಡನು. ಎಂದರೆ ಕ್ರಿ.ಶ. 754ರ ವೇಳೆಗೆ ಬಿರುದು ಬೇರೆ ಮನೆಗೆ ಹೋಗಿದ್ದಿತು. ಆದರೆ ಕ್ರಿ.ಶ. 757ರಲ್ಲಿ ಭೀಮಾನದಿಯ ತೀರದ ಬೀಡಿನಿಂದ ವಕ್ಕಲೇರಿಯ ದಾನಶಾಸನವನ್ನು ಹೊರಡಿಸಿದ ಕೀರ್ತಿವರ್ಮನು, ಇನ್ನೂ ತಾನೇ ಸತ್ಯಾಶ್ರಯ ಶ್ರೀಪೃಥ್ವೀವಲ್ಲಭನೆಂದು ಬರೆಯಿಸಿದ್ದಾನೆ! ಹೀಗೆ ಕೆಲವು ಕಾಲ ಕನ್ನಡ ನಾಡಿನಲ್ಲಿ ಇಬ್ಬರು ಪೃಥ್ವೀವಲ್ಲಭರು ಏಕಕಾಲದಲ್ಲಿ ಇದ್ದರು. ಒಬ್ಬನ ಕೈಯಲ್ಲಿ ನೆಲವಿದ್ದಿತು. ಇನ್ನೊಬ್ಬನ ಕೈಯಲ್ಲಿ ಇನ್ನೂರು ವರ್ಷಗಳ ಹಕ್ಕಿದ್ದಿತು. ಅಮೆರಿಕದ ಪ್ರಕಾಶಕರ ವ್ಯಾಜ್ಯಕ್ಕೆ ನ್ಯಾಯಾಲಯವಿದ್ದಿತು. ಈ ವ್ಯಾಜ್ಯವನ್ನು ತೀರಿಸಿದ್ದು ಕತ್ತಿ.

ರಾಷ್ಟ್ರಕೂಟರ ಕಾಲದಲ್ಲಿ ಬಿರುದು ವ್ಯಕ್ತಿಯನ್ನು ಎಷ್ಟರ ಮಟ್ಟಿಗೆ ಮರೆಮಾಡಿತೆಂಬುದಕ್ಕೆ ಅರಬರ ಬರಹಗಳು ಸಾಕ್ಷಿಯಾಗಿವೆ. ವಲ್ಲಭರಾಜನೆಂಬುದನ್ನು ಅವರು ಬಲ್ಹರಾ ಎಂದು ಉಚ್ಚರಿಸುತ್ತಿದ್ದರು. ಕ್ರಿ.ಶ. 851ರ ಸುಲೈಮಾನನೆಂಬ ವರ್ತಕನ ವೃತ್ತಾಂತವು ಬಲ್ಹರಾನನ್ನು ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿ, ಇದು ಒಬ್ಬನ ಸ್ವಂತ ಹೆಸರಲ್ಲವೆಂದೂ, ಪಾರಸಿಕ ದೊರೆಗಳೆಲ್ಲ ಖುಸ್ರೋ ಎನ್ನಿಸಿಕೊಂಡಂತೆ ಆ ಸಿಂಹಾಸನದ ಮೇಲೆ ಕುಳಿತವರಿಗೆಲ್ಲ ಸಲ್ಲುವ ಹೆಸರೆಂದೂ ವಿವರಿಸುತ್ತದೆ. ಆ ರಾಜರು ದೀರ್ಘಾಯುಗಳು, ಕೆಲವರು ಐವತ್ತು ವರ್ಷ ಆಳುತ್ತಾರೆ ಎಂದೂ ಅದು ಹೇಳುತ್ತದೆ. ಆಗ ಆಳುತ್ತಿದ್ದ ಅಮೋಘವರ್ಷ ನೃಪತುಂಗನು ಕ್ರಿ.ಶ. 814ರಿಂದ 878ರ ವರೆಗೆ ಪಟ್ಟದಲ್ಲಿದ್ದುದರಿಂದ ಆ ಮಾತು ಅವನ ವಿಷಯದಲ್ಲಿ ಕಡಿಮೆಯಾಯಿತೇ ಹೊರತು ಹೆಚ್ಚಾಗಲಿಲ್ಲ. ಸಮುದ್ರದಾಚೆಯ ವರ್ತಕನಿಗೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟದಲ್ಲಿ ಯಾವ ಗೋವಿಂದನು, ಯಾವ ಕೃಷ್ಣನು ಇರುವನೆಂಬುದು ಮುಖ್ಯವಾಗಿರಲಿಲ್ಲ. ಬಲ್ಹರಾ ಇದ್ದಾನೆ, ಅವನ ರಾಜ್ಯದಲ್ಲಿ ವ್ಯಾಪಾರವು ಸುರಕ್ಷಿತವಾಗಿದೆ ಎಂಬುದಷ್ಟೇ ಬೇಕಾಗಿದ್ದಿತು.

ವರ್ತಕರ ಮಾತು ಬಂದುದರಿಂದ ಇಲ್ಲಿ ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಹುನಗುಂದ ತಾಲ್ಲೂಕಿನ ಅದೇ ಐಹೊಳೆಯಿಂದ ಹೊರಟ ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘವು ಅರಸರಿಗಿಂತಲೂ ವಿಸ್ತಾರವಾಗಿ ಒಂದು ಹೆಸರನ್ನು ಹಂಚಿಕೊಂಡಿತು. ಸದಸ್ಯರು ಐನೂರಾಗಿರಲಿ, ಐವತ್ತಾಗಿರಲಿ, ಐದು ಸಾವಿರವಾಗಿರಲಿ, ಅವರು ಐನೂರ್ವರೇ. ಐಹೊಳೆಯನ್ನು ಕಣ್ಣಿನಿಂದ ಕಾಣದ ತಮಿಳು ವರ್ತಕರೂ ಆ ಹೆಸರನ್ನು ಧರಿಸಿದರು. ಕ್ರಿ.ಶ. 1088ರಲ್ಲಿ ಸುಮಾತ್ರಾ ದ್ವೀಪದ ಬಾರೂಸಿನ ಹತ್ತಿರ ಅವರು ನಿಲ್ಲಿಸಿದ ತಮಿಳು ಶಾಸನವು ಇಂದಿಗೂ ಪ್ರಸಿದ್ಧವಾಗಿದೆ. ಮಲಪ್ರಭೆಯ ದಂಡೆಯ ಸಣ್ಣ ಊರಿನ ಸಂಘದ ಹೆಸರು ಕಡಲಾಚೆಯ ರೇವಿನಲ್ಲಿ ನಂಬಿಕೆಯ ಮುದ್ರೆಯಾಗಿ ನಡೆದದ್ದನ್ನು ನೆನೆದರೆ, ಈ ಪ್ರಾಂತದವನೆಂಬ ಅಭಿಮಾನವು ಯಾರಿಗೆ ಉಕ್ಕದು!

ಕ್ರಿ.ಶ. 973ರಲ್ಲಿ ಕಲ್ಯಾಣದ ಶಾಖೆಯ ಎರಡನೆಯ ತೈಲಪನು ರಾಷ್ಟ್ರಕೂಟರ ಕರ್ಕನನ್ನು ಸೋಲಿಸಿ ಚಾಲುಕ್ಯರಾಜ್ಯವನ್ನು ಮತ್ತೆ ಸ್ಥಾಪಿಸಿದಾಗ, ಬಾದಾಮಿಯ ಕೊನೆಯ ಅರಸನು ಅಳಿದು ಇನ್ನೂರು ವರ್ಷಗಳು ಮೀರಿದ್ದವು. ಸೂತ್ರವು ಇಷ್ಟು ದೀರ್ಘವಾಗಿ ಕಡಿದಿದ್ದ ಕಡೆಯಲ್ಲಿಯೇ ಹಳೆಯ ಹೆಸರುಗಳ ಧ್ವನಿಯು ಅತ್ಯಂತ ಎತ್ತರವಾಗಿ ಕೇಳಿಸುತ್ತದೆ. ತೈಲಪನು ತನ್ನ ಮಗನಿಗೆ ಇಟ್ಟ ಹೆಸರೇ ಸತ್ಯಾಶ್ರಯ. ಪುಲಕೇಶಿಯ ಬಿರುದು ಈಗ ಒಬ್ಬನ ನಾಮಕರಣದ ಹೆಸರಾಯಿತು. ಈ ವಂಶದ ಶಾಸನಗಳೆಲ್ಲವೂ ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಸತ್ಯಾಶ್ರಯಕುಲತಿಲಕ ಎಂಬ ಒಂದೇ ಸಾಲಿನ ಬಿರುದುಗಳಿಂದ ಆರಂಭವಾಗುತ್ತವೆ. ಆಹವಮಲ್ಲ, ಜಗದೇಕಮಲ್ಲ, ತ್ರೈಲೋಕ್ಯಮಲ್ಲ, ತ್ರಿಭುವನಮಲ್ಲ ಎಂಬ ಮಲ್ಲಾಂತ ಬಿರುದುಗಳಂತೂ ಒಬ್ಬೊಬ್ಬರಿಗೇ ಮೀಸಲಾಗದೆ ಮತ್ತೆಮತ್ತೆ ಬಂದಿವೆ. ಕ್ರಿ.ಶ. 1009ರ ಕೌಠೇಮ್ ತಾಮ್ರಪಟಗಳು ಬಾದಾಮಿಯ ಎರಡನೆಯ ವಿಕ್ರಮಾದಿತ್ಯನ ತಮ್ಮನೊಬ್ಬನಿಂದ ತೈಲಪನ ವರೆಗೆ ವಂಶಾವಳಿಯನ್ನು ಹೆಣೆದು ತ್ರುಟಿತಸ್ಥಾನವನ್ನು ತುಂಬುತ್ತವೆ. ಅದರಲ್ಲಿ ಇಬ್ಬರು ವಿಕ್ರಮಾದಿತ್ಯರು ಬರುತ್ತಾರೆ; ಮೂರನೆಯವನೆಂದೂ ನಾಲ್ಕನೆಯವನೆಂದೂ ನಾವು ಎಣಿಸುವ ಅವರು ಚಕ್ರವರ್ತಿಗಳಾಗಿ ಆಳಿದವರಲ್ಲ. ರಾಜ್ಯವಿಲ್ಲದ ದಿನಗಳಲ್ಲಿಯೂ ಹೆಸರನ್ನು ಕೈಬಿಡದೆ ಕಾಯ್ದುಕೊಂಡ ಮನೆತನವೆಂದು ಈ ಪಟ್ಟಿಯು ನಮ್ಮನ್ನು ನಂಬಿಸಲು ಬಯಸುತ್ತದೆ. ಭಂಡಾರಕರರು ಈ ಸಂಬಂಧವನ್ನು ಸಂದೇಹಿಸಿದರು. ಸಂದೇಹಕ್ಕೆ ಕಾರಣವೂ ಇದೆ. ಆದರೆ ರಕ್ತದ ಸಂಬಂಧವು ನಿಜವೋ ಅಲ್ಲವೋ, ಹೆಸರಿನ ಹಂಬಲವು ನಿಜವಾಗಿತ್ತು.

ಆ ಸತ್ಯಾಶ್ರಯನ ಆಸ್ಥಾನದಲ್ಲಿದ್ದವನು ರನ್ನ. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದವನು. ಸಾಹಸಭೀಮವಿಜಯವೆಂಬ ಇನ್ನೊಂದು ಹೆಸರುಳ್ಳ ಗದಾಯುದ್ಧದಲ್ಲಿ ಅವನು ತನ್ನ ಅರಸನನ್ನು ಭಾರತದ ಭೀಮಸೇನನೊಡನೆ ಅಭೇದವಾಗಿ ಬೆಸೆದನು. ಹೀಗೆ ಒಬ್ಬನೇ ಪುರುಷನು ತಂದೆ ಇಟ್ಟ ಹೆಸರಿನಿಂದ ಪುಲಕೇಶಿಯೂ, ಕವಿ ಕೊಟ್ಟ ಹೆಸರಿನಿಂದ ಭೀಮನೂ ಆದನು. ರನ್ನನಿಗೆ ತೈಲಪನು ಕೊಟ್ಟ ಕವಿಚಕ್ರವರ್ತಿ ಎಂಬ ಬಿರುದು ಅವನಿಗಿಂತ ಮೊದಲು ಪೊನ್ನನಿಗೆ ಸಂದಿದ್ದಿತು, ಅವನ ತರುವಾಯ ಜನ್ನನಿಗೆ ಸಂದಿತು; ಒಂದು ಬಿರುದನ್ನು ಹೊತ್ತ ಈ ಮೂವರಿಗೆ ಮೂರು ರಾಜವಂಶಗಳು ಆಶ್ರಯವಿತ್ತವು.

ಆರನೆಯ ವಿಕ್ರಮಾದಿತ್ಯನ ವಿಷಯವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ; ಅದು ಎಲ್ಲರಿಗೂ ತಿಳಿದದ್ದೇ. ಅಣ್ಣನಾದ ಎರಡನೆಯ ಸೋಮೇಶ್ವರನನ್ನು ತಳ್ಳಿ 1076ರಲ್ಲಿ ಪಟ್ಟವೇರಿದ ಅವನು ಶಕವರ್ಷದ ಎಣಿಕೆಯನ್ನು ಬಿಟ್ಟು ತನ್ನ ಹೆಸರಿನ ವಿಕ್ರಮವರ್ಷವನ್ನು ಆರಂಭಿಸಿದನು. ಐವತ್ತು ವರ್ಷ ಆಳಿದನು. ಕಾಶ್ಮೀರದ ಬಿಲ್ಹಣನಿಂದ ಚರಿತಕಾವ್ಯವನ್ನೂ ವಿಜ್ಞಾನೇಶ್ವರನ ಮಿತಾಕ್ಷರೆಯಲ್ಲಿ ಪ್ರಶಂಸೆಯನ್ನೂ ಪಡೆದನು. ಉಜ್ಜಯಿನಿಯ ವಿಕ್ರಮನಿಗೆ ಸಂವತ್ಸರವಿದ್ದುದರಿಂದ ಅದನ್ನೂ ಇವನು ಬೇಕೆಂದನು. ಸಿಂಹಾಸನದ ಹಕ್ಕು ಅಣ್ಣನದಾಗಿದ್ದಿತು ಎಂಬುದನ್ನು ಮರೆಯದೆ ನೋಡಿದರೆ, ಆ ಹೆಸರಿನ ಮೇಲೆ ಅವನಿಗೆ ಅಷ್ಟು ಆಸೆಯೇಕೆಂಬುದು ತಿಳಿಯುತ್ತದೆ. ಕಲ್ಯಾಣದ ರಾಜ್ಯವೂ ಅಸ್ತಂಗತವಾದಾಗ ಶ್ರೀಪೃಥ್ವೀವಲ್ಲಭನೆಂಬ ಬಿರುದನ್ನು ಹೊಯ್ಸಳ ವೀರಬಲ್ಲಾಳನು ಎತ್ತಿಕೊಂಡನು.

ಈ ಪದ್ಧತಿಯು ಅರಸರೊಡನೆ ಮುಗಿಯಲಿಲ್ಲ. ಈ ಪ್ರಾಂತದ ಮಠಗಳಲ್ಲಿ ಅದು ಇನ್ನೊಂದು ರೂಪದಲ್ಲಿ, ನನ್ನ ಅಭಿಪ್ರಾಯದಲ್ಲಿ ಹೆಚ್ಚು ಶುದ್ಧವಾದ ರೂಪದಲ್ಲಿ, ನಡೆದುಬಂದಿದೆ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ತೀರದಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ಶಿಕ್ಷಣ ಪಡೆದ ವಟುಗಳು ನಾಡಿನ ಅನೇಕ ಮಠಗಳ ಪೀಠಗಳನ್ನೇರಿದರು. ಪೀಠವನ್ನೇರುವಾಗ ಪೂರ್ವಾಶ್ರಮದ ಹೆಸರನ್ನು ಬಿಟ್ಟು, ಬಹುಕಡೆಗಳಲ್ಲಿ ಆ ಪೀಠದ ಹಿರಿಯರ ಹೆಸರನ್ನೇ ಸ್ವೀಕರಿಸುವುದು ಸಂಪ್ರದಾಯ. ಇಳಕಲ್ಲಿನಲ್ಲಿ ಚಿತ್ತರಗಿ ಸಂಸ್ಥಾನಮಠದ ವಿಜಯ ಮಹಾಂತ ಶಿವಯೋಗಿಗಳ ಹೆಸರು ಹಾಗೆಯೇ ಮುಂದುವರಿಯಿತು. ಆ ಪೀಠದಲ್ಲಿ ನಮ್ಮ ಕಾಲದಲ್ಲಿದ್ದ ಡಾ. ಮಹಾಂತ ಸ್ವಾಮಿಗಳು ಜೋಳಿಗೆಯನ್ನು ಹಿಡಿದು ಊರೂರು ತಿರುಗಿ, ಜನರಿಂದ ಹಣವನ್ನಾಗಲಿ ಧಾನ್ಯವನ್ನಾಗಲಿ ಬೇಡದೆ, ಅವರ ಕುಡಿತವನ್ನೂ ತಂಬಾಕನ್ನೂ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಗುರುಮಹಾಂತ ಸ್ವಾಮಿಗಳು ಪೀಠದಲ್ಲಿದ್ದಾರೆ. ಮಹಾಂತ ಜೋಳಿಗೆಯೆಂಬ ಹೆಸರಿನಲ್ಲಿಯೂ ಆ ಮಹಾಂತನೇ ಇದ್ದಾನೆ. ಅಲ್ಲಿ ಹೆಸರು ಕೈಬದಲಾಗುವುದಕ್ಕೆ ಯಾರ ಸೋಲೂ ಬೇಕಾಗಲಿಲ್ಲ.

ವಿಕ್ರಮಾದಿತ್ಯನೆಂಬ ಹೆಸರನ್ನು ಹೊತ್ತ ಚಾಲುಕ್ಯರಲ್ಲಿ ಲೋಕವು ಆರನೆಯವನನ್ನು ಶ್ರೇಷ್ಠನೆಂದು ಎಣಿಸುತ್ತದೆ. ನನ್ನ ತೀರ್ಪು ಮೊದಲನೆಯವನ ಕಡೆಗಿದೆ. ಮಿಕ್ಕವರಿಗೆ ಹೆಸರನ್ನು ಹಿರಿಯರು ಕೊಟ್ಟರು. ಅವನು ಸುಟ್ಟ ರಾಜಧಾನಿಯಿಂದ, ಸೋತ ತಂದೆಯಿಂದ, ಒಡೆದ ಮನೆತನದಿಂದ ಆರಂಭಿಸಿ ಆ ಹೆಸರಿಗೆ ಬೆಲೆಯನ್ನು ತಂದುಕೊಟ್ಟನು. ಅವನಿಲ್ಲದಿದ್ದರೆ ಪಟ್ಟದಕಲ್ಲಿನ ವಿರೂಪಾಕ್ಷನ ಗುಡಿಯೂ ಇರುತ್ತಿರಲಿಲ್ಲ, ಸತ್ಯಾಶ್ರಯನೆಂಬ ಬಿರುದನ್ನು ತೈಲಪನು ಎತ್ತಿಕೊಳ್ಳುವಷ್ಟು ಕಾಲ ನೆನಪೂ ಉಳಿಯುತ್ತಿರಲಿಲ್ಲ. ಪುಲಕೇಶಿಯ ಹೆಸರನ್ನು ನಾವು ಬೆಂಗಳೂರಿನ ಬಡಾವಣೆಗೂ ಇಟ್ಟು ಗೌರವಿಸಿದ್ದೇವೆ. ಪಠ್ಯಪುಸ್ತಕಗಳಲ್ಲಿ ಹರ್ಷನ ಸೋಲಿಗೆ ಪುಟಗಳನ್ನು ಕೊಟ್ಟಿದ್ದೇವೆ. ಚಿತ್ರಕಂಠವನ್ನೇರಿ ಬಂದ ಮಗನಿಗೆ ಅಲ್ಲಿ ದೊರೆಯುವುದು ಹೆಚ್ಚೆಂದರೆ ಒಂದೆರಡು ಸಾಲು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಶಾಲೆಗಳ ಉಪಾಧ್ಯಾಯರು ಮಕ್ಕಳನ್ನು ವಾತಾಪಿಯ ಬೆಟ್ಟಕ್ಕೆ ಕರೆದುಕೊಂಡು ಹೋದಾಗ, ಗುಹೆಗಳನ್ನು ತೋರಿಸಿದ ಮೇಲೆ, ಆ 13 ವರ್ಷಗಳ ಕಥೆಯನ್ನೂ ಅದನ್ನು ಕೊನೆಗಾಣಿಸಿದ ಅರಸನ ಹೆಸರನ್ನೂ ಅವರಿಗೆ ಹೇಳಬೇಕೆಂದು ನಾನು ಕೇಳಿಕೊಳ್ಳುತ್ತೇನೆ.